ಕ್ಯಾಮೆರಾ ಕೊಟ್ಟಿದ್ದಾಯಿತು, ಫೋಟೋ ಆರಿಸುವವರು ಯಾರು?

ಗೋಡೆಗೆ ಹೊಡೆದ ಒಂದು ಮೊಳೆ. ಫೋಟೋದಲ್ಲಿ ಇದ್ದದ್ದು ಅಷ್ಟೇ.

1973ರಲ್ಲಿ ಪೆರು ದೇಶದ ಲಿಮಾ ನಗರದಲ್ಲಿ ಒಂದು ಸಾಕ್ಷರತಾ ಕಾರ್ಯಕ್ರಮ ನಡೆಯುತ್ತಿತ್ತು. ಬಡವರ ಕೇರಿಗಳಿಗೆ ಹೋಗಿ ಜನರಿಗೆ ಪ್ರಶ್ನೆ ಕೇಳುತ್ತಿದ್ದರು. ಉತ್ತರ ಬಾಯಲ್ಲಿ ಬೇಡ, ಈ ಕ್ಯಾಮೆರಾ ತಗೊಳ್ಳಿ, ಫೋಟೋದಲ್ಲಿ ಹೇಳಿ ಎನ್ನುತ್ತಿದ್ದರು. ಬ್ರೆಜಿಲ್‌ನ ರಂಗಕರ್ಮಿ ಅಗಸ್ಟೊ ಬೋಲ್ ಆ ಕೆಲಸದಲ್ಲಿ ಜೊತೆಗಿದ್ದರು. ಅಲ್ಲಿ ನಡೆದದ್ದನ್ನು ಬರೆದಿಟ್ಟವರೂ ಅವರೇ. ಒಂದು ಸಲ ಕೇಳಿದ ಪ್ರಶ್ನೆ, ಶೋಷಣೆ ಅಂದರೆ ಏನು? ಕೆಲವರು ದಿನಸಿ ಅಂಗಡಿಯವನ ಫೋಟೋ ತಂದರು. ಕೆಲವರು ಬಾಡಿಗೆ ವಸೂಲಿ ಮಾಡುವ ಮಾಲೀಕನದ್ದು, ಇನ್ನು ಕೆಲವರು ಸರ್ಕಾರಿ ಕಚೇರಿಯದ್ದು. ಒಂದು ಮಗು ಮೊಳೆಯ ಫೋಟೋ ತಂದಿತು.

ದೊಡ್ಡವರಲ್ಲಿ ಹೆಚ್ಚಿನವರಿಗೆ ತಲೆಬುಡ ಗೊತ್ತಾಗಲಿಲ್ಲ. ಆದರೆ ಉಳಿದ ಮಕ್ಕಳೆಲ್ಲ ಒಪ್ಪಿಬಿಟ್ಟರು. ಮಾತಿಗೆ ಕೂತಾಗ ವಿಷಯ ಹೊರಬಂತು. ಆ ಕೇರಿಯ ಮಕ್ಕಳು ಐದಾರು ವರ್ಷಕ್ಕೇ ಬೂಟ್ ಪಾಲಿಶ್ ಕೆಲಸಕ್ಕೆ ಇಳಿಯುತ್ತಿದ್ದರು. ಕೇರಿಯಲ್ಲಿ ಬೂಟು ಹಾಕುವವರೇ ಇರಲಿಲ್ಲ. ಹಾಗಾಗಿ ದೂರದ ಪೇಟೆಗೆ ಹೋಗಬೇಕು. ಪಾಲಿಶ್ ಪೆಟ್ಟಿಗೆಯನ್ನು ದಿನಾ ಹೊತ್ತು ಓಡಾಡಲು ಆ ಪುಟ್ಟ ಮೈಗೆ ಆಗುವುದಿಲ್ಲ. ಅದಕ್ಕೇ ಪೇಟೆಯ ಅಂಗಡಿಯವರ ಗೋಡೆಯಲ್ಲಿ ಒಂದು ಮೊಳೆಯನ್ನು ಬಾಡಿಗೆಗೆ ಹಿಡಿದು, ಪೆಟ್ಟಿಗೆಯನ್ನು ಅಲ್ಲಿ ನೇತುಹಾಕಿ ಮನೆಗೆ ಬರುತ್ತಿದ್ದರು. ಒಂದು ಮೊಳೆಗೆ, ಒಂದು ರಾತ್ರಿಗೆ, ಎರಡೋ ಮೂರೋ ಸೋಲ್ (ಪೆರುವಿನ ಹಣ) ಬಾಡಿಗೆ.

ಹೊರಗಿನ ಫೋಟೋಗ್ರಾಫರ್ ಒಬ್ಬರು ಅದೇ ಪೇಟೆಗೆ ಹೋಗಿದ್ದರೆ ಏನು ತೆಗೆಯುತ್ತಿದ್ದರು? ಬೂಟ್ ಪಾಲಿಶ್ ಮಾಡುವ ಹುಡುಗನ ಮಸಿ ಹತ್ತಿದ ಮುಖ, ದೊಡ್ಡ ಕಣ್ಣು. ಫೋಟೋ ಚೆನ್ನಾಗಿಯೇ ಬರುತ್ತಿತ್ತು. ನೋಡಿದವರ ಮನಸ್ಸು ಕರಗುತ್ತಿತ್ತು. ಆದರೆ ಆ ಮೊಳೆ ಅವರ ಕಣ್ಣಿಗೆ ಬೀಳುತ್ತಲೇ ಇರಲಿಲ್ಲ, ಅಲ್ವಾ? ಬಡವರಿಗೆ, ಅಂಚಿಗೆ ತಳ್ಳಲ್ಪಟ್ಟವರಿಗೆ ಫೋಟೋಗ್ರಫಿ ಯಾಕೆ ಕಲಿಸಬೇಕು ಎಂದು ಕೇಳಿದವರಿಗೆಲ್ಲ ನಾನು ಈ ಮೊಳೆಯ ಕತೆಯನ್ನೇ ಹೇಳುತ್ತೇನೆ.

ಇಂಥ ಕಾರ್ಯಾಗಾರಗಳು ಈಗ ಜಗತ್ತಿನ ಎಲ್ಲ ಕಡೆ ನಡೆಯುತ್ತಿವೆ. ನಿರಾಶ್ರಿತರ ಶಿಬಿರಗಳಲ್ಲಿ, ಆಸ್ಪತ್ರೆಗಳಲ್ಲಿ, ಜೈಲುಗಳಲ್ಲಿ, ಬೀದಿ ಮಕ್ಕಳ ನಡುವೆ, ಮನೆಯೊಳಗಿನ ಹಿಂಸೆಯಿಂದ ಪಾರಾಗಿ ಬಂದ ಹೆಂಗಸರ ನಡುವೆ. ಕೆಲವು ನಿಜಕ್ಕೂ ಬದುಕು ಬದಲಿಸುತ್ತವೆ. ಕೆಲವು ಒಂದು ಪ್ರದರ್ಶನ, ಒಂದಿಷ್ಟು ಚಪ್ಪಾಳೆ, ಒಂದು ವರದಿಯಲ್ಲಿ ಮುಗಿದುಹೋಗುತ್ತವೆ. ಎರಡರಲ್ಲೂ ಕ್ಯಾಮೆರಾ ಅದೇ, ಪಾಠವೂ ಹೆಚ್ಚುಕಡಿಮೆ ಅದೇ. ವ್ಯತ್ಯಾಸ ಇರುವುದು ತೆಗೆದ ಫೋಟೋಗಳಲ್ಲಿ ಯಾವುದು ಉಳಿಯಬೇಕು, ಅದರ ಕೆಳಗೆ ಏನು ಬರೆಯಬೇಕು, ಯಾರಿಗೆ ತೋರಿಸಬೇಕು ಅನ್ನುವುದನ್ನು ಯಾರು ತೀರ್ಮಾನಿಸುತ್ತಾರೆ ಅನ್ನುವುದರಲ್ಲಿ.

ಇಷ್ಟು ದಿನ ತೆಗೆದವರು ಯಾರು

ಬಡತನದ ಅತಿ ಪ್ರಸಿದ್ಧ ಫೋಟೋ ಯಾವುದು ಎಂದರೆ ಬಹಳ ಜನ ಡೊರೊಥಿಯಾ ಲ್ಯಾಂಗ್ ತೆಗೆದ 'ಮೈಗ್ರೆಂಟ್ ಮದರ್' ಎನ್ನುತ್ತಾರೆ. 1936, ಕ್ಯಾಲಿಫೋರ್ನಿಯಾದ ನಿಪೋಮೊ. ಬಟಾಣಿ ಕೀಳುವ ಕೂಲಿಗಳ ಬಿಡಾರದಲ್ಲಿ ಒಬ್ಬ ತಾಯಿ, ಕೆನ್ನೆಗೆ ಕೈ, ಹೆಗಲಿಗೆ ಮುಖ ಒತ್ತಿ ನಿಂತ ಎರಡು ಮಕ್ಕಳು. ಅಮೆರಿಕ ಸರ್ಕಾರದ ಕೆಲಸಕ್ಕಾಗಿ ತೆಗೆದ ಫೋಟೋ ಅದು. ಪತ್ರಿಕೆಯಲ್ಲಿ ಬಂದ ಮೇಲೆ ಆ ಬಿಡಾರಕ್ಕೆ ಆಹಾರವೂ ಬಂತು ನಿಜ. ಆದರೆ ಲ್ಯಾಂಗ್ ಆ ತಾಯಿಯ ಹೆಸರನ್ನೇ ಕೇಳಿರಲಿಲ್ಲ. ಅವರು ಯಾರೆಂದು ಜಗತ್ತಿಗೆ ಗೊತ್ತಾಗಿದ್ದು 1978ರಲ್ಲಿ. ಆ ಫೋಟೋದಿಂದ ತನಗೆ ಒಂದು ಕಾಸೂ ಸಿಗಲಿಲ್ಲ, ಅದನ್ನು ತೆಗೆಯದೇ ಇದ್ದಿದ್ದರೆ ಚೆನ್ನಾಗಿತ್ತು ಎಂದು ಅವರು ಪತ್ರಕರ್ತರಿಗೆ ಹೇಳಿದರು. ಅವರು ಚೆರೋಕಿ ಮೂಲನಿವಾಸಿ ಹೆಂಗಸು ಅನ್ನುವುದೂ ಆಮೇಲೆಯೇ ತಿಳಿದಿದ್ದು. ಅಷ್ಟರಲ್ಲಿ ಇಡೀ ದೇಶ ಅವರನ್ನು ಬಿಳಿಯ ಅಮೆರಿಕದ ಕಷ್ಟದ ಗುರುತು ಎಂದು ನಲವತ್ತು ವರ್ಷ ನೋಡಿ ಆಗಿತ್ತು.

ಲ್ಯಾಂಗ್ ಕೆಟ್ಟವರಾಗಿರಲಿಲ್ಲ. ಒಳ್ಳೆಯ ಮನಸ್ಸಿನಿಂದಲೇ ಹೋಗಿದ್ದರು. ಒಳ್ಳೆಯ ಮನಸ್ಸಿನವರು ತೆಗೆದ ಫೋಟೋದಲ್ಲೂ ಇಷ್ಟೆಲ್ಲ ತಪ್ಪಿಹೋಗುತ್ತದೆ ಅನ್ನುವುದು ನನ್ನನ್ನು ಜಾಸ್ತಿ ಕಾಡುವ ವಿಷಯ.

ಇದನ್ನು ತಿರುವಿಹಾಕಲು ಹೊರಟವರಲ್ಲಿ ಫೋಟೋಗ್ರಾಫರ್ ವೆಂಡಿ ಇವಾಲ್ಡ್ ಮುಖ್ಯರು. 1975ರ ಹೊತ್ತಿಗೆ ಅಮೆರಿಕದ ಕೆಂಟಕಿಯ ಬೆಟ್ಟಗಾಡಿನಲ್ಲಿ, ಕಲ್ಲಿದ್ದಲು ಗಣಿಗಳ ಸೀಮೆಯಲ್ಲಿ, ಶಾಲೆ ಮಕ್ಕಳಿಗೆ ಸಣ್ಣ ಕ್ಯಾಮೆರಾ ಕೊಟ್ಟು ಪಾಠ ಶುರು ಮಾಡಿದರು. ನಿಮ್ಮ ಬಡತನ ತೋರಿಸಿ ಎಂದು ಕೇಳಲಿಲ್ಲ. ನಿನ್ನ ಬಗ್ಗೆ, ನಿನ್ನ ಮನೆಯವರ ಬಗ್ಗೆ, ನಿನ್ನ ಊರಿನ ಬಗ್ಗೆ, ನಿನ್ನ ಕನಸಿನ ಬಗ್ಗೆ ತೆಗಿ ಎಂದರು. ಕನಸನ್ನು ಫೋಟೋ ತೆಗೆಯುವುದು ಹೇಗೆ? ಮಕ್ಕಳಿಗೆ ಅದು ಕಷ್ಟವೇ ಆಗಲಿಲ್ಲ. ಒಬ್ಬ ಹುಡುಗನಿಗೆ ತನ್ನ ಜೀವದ ಗೆಳೆಯನನ್ನು ತಾನೇ ಕೊಂದ ಹಾಗೆ ಕನಸು ಬಿದ್ದಿತ್ತು. ಗೆಳೆಯನನ್ನು ಮರದ ಕವಲಿನಲ್ಲಿ ಸತ್ತವನ ಹಾಗೆ ಒರಗಿಸಿ ಫೋಟೋ ತೆಗೆದ. ನೋಡಿದರೆ ಎದೆ ಝಲ್ ಎನ್ನುತ್ತದೆ. ಬಡ ಮಕ್ಕಳ ಒಳಗೂ ಭಯ, ಕಲ್ಪನೆ, ಹೇಳಲಾಗದ ಮಾತು ಎಲ್ಲ ಇರುತ್ತದೆ ಅನ್ನುವುದನ್ನು ನಾವು ಎಷ್ಟು ಸುಲಭವಾಗಿ ಮರೆತುಬಿಡುತ್ತೇವೆ ನೋಡಿ. ಹೊಟ್ಟೆ ಹಸಿವಷ್ಟೇ ನಮ್ಮ ಕಣ್ಣಿಗೆ ಕಾಣುವುದು.

ಮುಂದೆ ಇವಾಲ್ಡ್ ನಾರ್ತ್ ಕೆರೊಲಿನಾದ ಡರ್ಹಮ್‌ನಲ್ಲಿ ಫೋಟೋವನ್ನು ಓದು ಬರಹ ಕಲಿಸಲು ಬಳಸಿದರು. ಮೊದಲು ಫೋಟೋ, ಆಮೇಲೆ ಅದರ ಬಗ್ಗೆ ನಾಲ್ಕು ಸಾಲು. ಏನು ಬರೆಯಲಿ ಎಂದು ತಲೆ ಕೆರೆದುಕೊಳ್ಳುತ್ತಿದ್ದ ಮಕ್ಕಳಿಗೆ ಕಣ್ಣೆದುರು ತಾವೇ ತೆಗೆದ ಫೋಟೋ ಇರುತ್ತಿತ್ತು.

ಇನ್ನೊಂದು ದಾರಿ ಚೀನಾದಿಂದ ಬಂತು. 1990ರ ದಶಕದ ಶುರುವಿನಲ್ಲಿ ಕ್ಯಾರೊಲಿನ್ ವಾಂಗ್ ಮತ್ತು ಮೇರಿ ಆನ್ ಬರಿಸ್ ಯುನ್ನಾನ್ ಪ್ರಾಂತ್ಯದ 62 ಹಳ್ಳಿ ಹೆಂಗಸರಿಗೆ ಕ್ಯಾಮೆರಾ ಕಲಿಸಿದರು. ಆ ವಿಧಾನಕ್ಕೇ ಮುಂದೆ 'ಫೋಟೋವಾಯ್ಸ್' ಎಂಬ ಹೆಸರು ಬಂತು. ಆ ಹೆಂಗಸರಲ್ಲಿ ಹಲವರಿಗೆ ಓದು ಬರಹ ಅಷ್ಟಕ್ಕಷ್ಟೇ. ತಮ್ಮ ದಿನದ ಕೆಲಸ, ಆರೋಗ್ಯ, ಮಕ್ಕಳು, ಹೊಲ ಎಲ್ಲವನ್ನೂ ತೆಗೆದರು. ತಾಯಿ ಹೊಲದಲ್ಲಿ ಕಳೆ ಕೀಳುವಾಗ ಕೂಸು ಒಂಟಿಯಾಗಿ ನೆಲದ ಮೇಲೆ ಮಲಗಿರುವ ಫೋಟೋ ಅದರಲ್ಲಿ ಒಂದು. ಹಳ್ಳಿಯವರಿಗೆ ಅದು ದಿನಾ ನೋಡುವ ದೃಶ್ಯ. ಯೋಜನೆ ಮಾಡುವ ಅಧಿಕಾರಿಗಳಿಗೆ ಅದು ಗೊತ್ತೇ ಇರದ ವಿಷಯ. ಫೋಟೋ ಮೇಜಿನ ಮೇಲೆ ಬಂದ ಮೇಲೆ, ಮಗುವನ್ನು ಯಾರು ನೋಡಿಕೊಳ್ಳಬೇಕು ಅನ್ನುವ ಮಾತು ಬಂತು. ಕೂಸುಗಳ ಪಾಲನೆಗೆ, ಸೂಲಗಿತ್ತಿಯರ ತರಬೇತಿಗೆ, ಹೆಣ್ಣುಮಕ್ಕಳ ಓದಿಗೆ ನೆರವು ಸಿಗಲು ಈ ಫೋಟೋಗಳು ಕಾರಣವಾದವು ಎಂದು ವಾಂಗ್ ಬರೆದಿದ್ದಾರೆ. ಫೋಟೋ ನೋಡಬೇಕಾದ ಅಧಿಕಾರಿಗಳನ್ನು ಮೊದಲ ದಿನದಿಂದಲೇ ಜೊತೆಗೆ ಸೇರಿಸಿಕೊಂಡಿದ್ದರು. ಎಷ್ಟೋ ಕಾರ್ಯಾಗಾರಗಳು ಎಡವುವುದು ಇಲ್ಲಿಯೇ. ಫೋಟೋ ತೆಗೆಸುತ್ತಾರೆ, ಕೇಳಿಸಿಕೊಳ್ಳಬೇಕಾದವರನ್ನು ಮಾತ್ರ ಕರೆಯುವುದಿಲ್ಲ.

ತರಗತಿಯಲ್ಲಿ ಏನಾಗುತ್ತದೆ

ಫೋಟೋಗ್ರಫಿ ಪಾಠ ಎಂದರೆ ಬೆಳಕು, ಫೋಕಸ್, ಶಟರ್ ಸ್ಪೀಡ್ ಎಂದು ನಾವು ಅಂದುಕೊಳ್ಳುತ್ತೇವೆ. ಅದು ಬೇಕು. ಆದರೆ ಅರ್ಧ ದಿನದಲ್ಲಿ ಕಲಿಸಬಹುದು. ರಟ್ಟಿನಲ್ಲಿ ಒಂದು ಚೌಕ ಕತ್ತರಿಸಿ, ಅದರ ಮೂಲಕ ಸುತ್ತ ನೋಡಿಸಿದರೆ ಫ್ರೇಮ್ ಎಂದರೇನು ಎಂದು ಏಳು ವರ್ಷದ ಮಗುವಿಗೂ ತಿಳಿಯುತ್ತದೆ. ಏನು ಒಳಗೆ, ಏನು ಹೊರಗೆ, ಇದನ್ನು ನೀನೇ ತೀರ್ಮಾನ ಮಾಡು. ಜೀವಮಾನವಿಡೀ ಬೇರೆಯವರು ಹೇಳಿದ ಹಾಗೆ ಕೇಳಿಕೊಂಡು ಬಂದವರಿಗೆ ಈ ಒಂದು ಮಾತೇ ಹೊಸದು.

ಮೊದಲ ದಿನದ ಫೋಟೋಗಳು ಸಾಮಾನ್ಯವಾಗಿ ಒಂದೇ ತರಹ ಇರುತ್ತವೆ. ಎಲ್ಲರೂ ನೆಟ್ಟಗೆ ನಿಂತು ಕ್ಯಾಮೆರಾ ನೋಡುತ್ತಿರುತ್ತಾರೆ. ಕೈ ಪಕ್ಕಕ್ಕೆ, ಮುಖ ಗಂಭೀರ. ಅದನ್ನು ತಪ್ಪು ಎನ್ನುವ ಶಿಕ್ಷಕರ ಬಗ್ಗೆ ನನಗೆ ಬೇಸರವಿದೆ. ಮನೆಯವರನ್ನು ಒಳ್ಳೆಯ ಬಟ್ಟೆ ಹಾಕಿಸಿ ಸಾಲಾಗಿ ನಿಲ್ಲಿಸುವುದರಲ್ಲಿ ಒಂದು ಮರ್ಯಾದೆ ಇದೆ. ಎರಡನೇ ವಾರ, ಮೂರನೇ ವಾರ ಹೊತ್ತಿಗೆ ಕಣ್ಣು ಬೇರೆ ಕಡೆ ಹೊರಳುತ್ತದೆ. ಬಾಗಿಲ ಚಿಲಕ. ಅಜ್ಜಿಯ ಕೈ. ಖಾಲಿ ಕುರ್ಚಿ. ಮಗು ತೆಗೆದ ಫೋಟೋದಲ್ಲಿ ದೊಡ್ಡವರು ಸೊಂಟದವರೆಗೆ ಮಾತ್ರ ಇರುತ್ತಾರೆ, ಯಾಕೆಂದರೆ ಮಗುವಿನ ಕಣ್ಣಿನ ಎತ್ತರವೇ ಅಷ್ಟು. ತಲೆ ಕತ್ತರಿಸಿ ಹೋಗಿದೆ ಎಂದು ತಿದ್ದುವ ಮೊದಲು ಸ್ವಲ್ಪ ನಿಂತು ನೋಡಬೇಕು. ಆ ಮಗು ದಿನಾ ನೋಡುವ ಜಗತ್ತು ಅದೇ.

ನಿಜವಾದ ಕೆಲಸ ಶುರುವಾಗುವುದು ಪ್ರಿಂಟ್‌ಗಳನ್ನು ನೆಲದ ಮೇಲೆ ಹರಡಿದ ಮೇಲೆ. ಫೋನಿನ ಪರದೆಯಲ್ಲಿ ಇದು ಆಗುವುದಿಲ್ಲ. ಪ್ರಿಂಟ್ ಇದ್ದರೆ ಕೈಗೆ ತಗೊಳ್ಳಬಹುದು, ಪಕ್ಕಕ್ಕೆ ಇಡಬಹುದು, ಇನ್ನೊಬ್ಬರ ಫೋಟೋ ಪಕ್ಕ ಜೋಡಿಸಬಹುದು, ಇದು ಬೇಡ ಎಂದು ಬೋರಲು ಹಾಕಬಹುದು. ಹತ್ತು ಜನ ಸುತ್ತ ಕೂತಿರುತ್ತಾರೆ. ಇಲ್ಲಿ ಏನು ಕಾಣುತ್ತಿದೆ? ನಿಜವಾಗಿ ಏನು ನಡೆಯುತ್ತಿದೆ? ನಮ್ಮ ಬದುಕಿಗೆ ಇದಕ್ಕೆ ಏನು ಸಂಬಂಧ? ಇದು ಯಾಕೆ ಹೀಗಿದೆ? ನಾವು ಏನು ಮಾಡಬಹುದು? ಫೋಟೋವಾಯ್ಸ್ ಮಾಡುವವರು ಈ ಐದು ಪ್ರಶ್ನೆಗಳನ್ನು ಕೇಳುವುದು ರೂಢಿ. ಎರಡನೆಯ ಪ್ರಶ್ನೆಗೆ ಬಂದಾಗ ಮಾತು ತಿರುಗುತ್ತದೆ. ಚಿಲಕದ ಫೋಟೋ ನೋಡಿ 'ಚಿಲಕ' ಎನ್ನುವುದು ಮೊದಲ ಉತ್ತರ. ಅದು ಒಳಗಿನಿಂದ ಹಾಕುವ ಚಿಲಕವೋ ಹೊರಗಿನಿಂದ ಹಾಕುವುದೋ ಎಂದು ಯಾರಾದರೂ ಕೇಳಿದರೆ ಕೋಣೆ ಸುಮ್ಮನಾಗುತ್ತದೆ. ಮೊಳೆಯ ಅರ್ಥ ಹೊರಬಂದದ್ದೂ ಹೀಗೆ ಮಾತಿಗೆ ಕೂತಾಗಲೇ. ಮಾತಿಲ್ಲದೆ ಆ ಫೋಟೋ ಬರೀ ಒಂದು ಮೊಳೆ.

ನೋವು ಉಂಡವರಿಗೆ ಇದರಲ್ಲಿ ಒಂದು ಅನುಕೂಲವೂ ಇದೆ. 'ನಿನಗೆ ಏನಾಯಿತು ಹೇಳು' ಎಂದು ಎದುರಿಗೆ ಕೂರಿಸಿ ಕೇಳಿದರೆ ಬಾಯಿ ಕಟ್ಟುತ್ತದೆ. ಫೋಟೋ ನಡುವೆ ಇದ್ದರೆ ಇಬ್ಬರೂ ಅದನ್ನು ನೋಡುತ್ತಾ ಮಾತಾಡಬಹುದು. ಎಷ್ಟು ಹೇಳಬೇಕು, ಎಲ್ಲಿ ನಿಲ್ಲಿಸಬೇಕು ಅನ್ನುವುದು ಅವರ ಕೈಯಲ್ಲೇ ಇರುತ್ತದೆ. ಆದರೆ ಶಿಕ್ಷಕರು ವೈದ್ಯರಾಗಲು ಹೋಗಬಾರದು. ಹಳೆಯ ಗಾಯ ಕೆದಕಿದರೆ ಮುಂದೆ ಯಾರ ಬಳಿ ಕಳಿಸಬೇಕು ಎಂದು ಮೊದಲೇ ಗೊತ್ತಿರಬೇಕು.

ಕಣ್ಣು ಕಾಣದವರಿಗೂ ಈ ಪಾಠ ಇದೆ ಎಂದರೆ ಕೆಲವರು ನಂಬುವುದಿಲ್ಲ. ಸ್ಲೊವೇನಿಯಾದಲ್ಲಿ ಹುಟ್ಟಿದ ಎವ್ಗೆನ್ ಬಾವ್ಚಾರ್ ಹನ್ನೆರಡು ವರ್ಷ ತುಂಬುವ ಮೊದಲೇ ದೃಷ್ಟಿ ಕಳೆದುಕೊಂಡವರು. ಫೋಟೋಗ್ರಾಫರ್ ಆಗಿ ಹೆಸರು ಮಾಡಿದರು. ಮುಂಬೈಯಲ್ಲಿ ಪಾರ್ಥೊ ಭೌಮಿಕ್ 2006ರಲ್ಲಿ ಶುರುಮಾಡಿದ 'ಬ್ಲೈಂಡ್ ವಿತ್ ಕ್ಯಾಮೆರಾ' ಅಂಧರಿಗೆ ಫೋಟೋಗ್ರಫಿ ಕಲಿಸುತ್ತಾ ಬಂದಿದೆ. ಮಾತಿನ ದನಿ ಕೇಳಿ ಎದುರಿನವರು ಯಾವ ಕಡೆ ಇದ್ದಾರೆ ಎಂದು ತಿಳಿಯಬಹುದು. ಕೈ ಚಾಚಿ ದೂರ ಅಳೆಯಬಹುದು. ಕೆನ್ನೆಗೆ ಬೀಳುವ ಬಿಸಿಲಿನಿಂದ ಬೆಳಕು ಎಲ್ಲಿಂದ ಬರುತ್ತಿದೆ ಎಂದು ಗೊತ್ತಾಗುತ್ತದೆ. ಈಗಂತೂ ಕೆಲವು ಫೋನ್‌ಗಳೇ ಚೌಕಟ್ಟಿನಲ್ಲಿ ಒಂದು ಮುಖ ಇದೆ ಎಂದು ಓದಿ ಹೇಳುತ್ತವೆ.

ಎಲ್ಲರ ಕೈಯಲ್ಲೂ ಫೋನ್ ಇದೆಯಲ್ಲ

ಹೌದು, ಈ ಪ್ರಶ್ನೆ ಬಂದೇ ಬರುತ್ತದೆ. ಫೋನ್ ಇದೆ, ದಿನಕ್ಕೆ ನೂರು ಫೋಟೋ ತೆಗೆಯುತ್ತಾರೆ, ಇನ್ನು ಕಲಿಸುವುದೇನು? ರೀಲಿನ ಕಾಲದಲ್ಲಿ 24 ಅಥವಾ 36 ಫೋಟೋ ಮುಗಿದರೆ ಮುಗಿಯಿತು. ಒತ್ತುವ ಮೊದಲು ಯೋಚನೆ ಮಾಡಲೇಬೇಕಿತ್ತು. ಈಗ ಒತ್ತುವುದಕ್ಕೆ ಲೆಕ್ಕವಿಲ್ಲ, ಆರಿಸುವುದಕ್ಕೆ ಪುರುಸೊತ್ತಿಲ್ಲ. ಇನ್ನೊಂದು ವಿಷಯ, ಎಲ್ಲರ ಕೈಯಲ್ಲೂ ಎನ್ನುವುದು ಪೂರ್ತಿ ನಿಜವಲ್ಲ. ಮನೆಗೆ ಒಂದೇ ಫೋನ್ ಇದ್ದರೆ ಅದು ಯಾರ ಜೇಬಿನಲ್ಲಿರುತ್ತದೆ? ಹೆಂಡತಿ, ಮಗಳು, ಮನೆಯಲ್ಲಿರುವ ಅಂಗವಿಕಲರು ಕೇಳಿ ಪಡೆಯಬೇಕು. ತೆಗೆದ ಫೋಟೋವನ್ನು ಬೇರೆಯವರು ನೋಡುತ್ತಾರೆ ಎಂಬ ಹೆದರಿಕೆಯಲ್ಲೇ ತೆಗೆಯಬೇಕು.

ಹೊಸ ತಲೆನೋವೂ ಒಂದಿದೆ, ಕೃತಕ ಬುದ್ಧಿಮತ್ತೆ. 2023ರಲ್ಲಿ 'ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್' ಪತ್ರಿಕೆಯಲ್ಲಿ ಸಂಶೋಧಕರು ಒಂದು ಪ್ರಯೋಗದ ಬಗ್ಗೆ ಬರೆದರು. ಕಪ್ಪು ಆಫ್ರಿಕನ್ ವೈದ್ಯರು ಬಿಳಿಯ ಮಕ್ಕಳಿಗೆ ಚಿಕಿತ್ಸೆ ಕೊಡುತ್ತಿರುವ ಚಿತ್ರ ಮಾಡು ಎಂದು ಚಿತ್ರ ಮಾಡುವ ಸಾಫ್ಟ್‌ವೇರ್‌ಗೆ ಹೇಳಿದರು. 300ಕ್ಕೂ ಹೆಚ್ಚು ಚಿತ್ರ ಮಾಡಿಸಿದರೂ ಹೆಚ್ಚುಕಡಿಮೆ ಎಲ್ಲದರಲ್ಲೂ ರೋಗಿಗಳು ಕಪ್ಪು ಮಕ್ಕಳೇ. ಯಂತ್ರ ಕಲಿತದ್ದು ನಾವು ಇಷ್ಟು ವರ್ಷ ತೆಗೆದು ಹಂಚಿದ ಫೋಟೋಗಳಿಂದ ತಾನೇ? ಹೊರಗಿನವರು ಹೊರಗಿನಿಂದ ನೋಡಿದ್ದನ್ನೇ ಅದು ಮತ್ತೆ ಮತ್ತೆ ಒದರುತ್ತದೆ. ದೇಣಿಗೆಯ ಜಾಹೀರಾತಿಗೆ ಬೇಕಾದ ಅಳುವ ಮಗುವನ್ನು ಈಗ ಕೂತಲ್ಲೇ ತಯಾರು ಮಾಡಬಹುದು. ಅಂಥ ಹೊತ್ತಿನಲ್ಲಿ, ಇದನ್ನು ನಾನು ತೆಗೆದೆ, ಇದು ನಮ್ಮ ಮನೆ ಎಂದು ಹೇಳುವ ಒಬ್ಬ ಮನುಷ್ಯ ಹಿಂದೆ ಇರುವ ಫೋಟೋ ಇನ್ನಷ್ಟು ಬೇಕಾಗುತ್ತದೆ.

ಇಲ್ಲಿ ತಮಿಳುನಾಡಿನ ಫೋಟೋಗ್ರಾಫರ್ ಎಂ. ಪಳನಿಕುಮಾರ್ ನೆನಪಾಗುತ್ತಾರೆ. ತಾಯಿ ಮೀನು ಮಾರುತ್ತಿದ್ದವರು. ಸಾಲ ಮಾಡಿ ಕ್ಯಾಮೆರಾ ಕೊಂಡು, ಮಲದ ಗುಂಡಿಗೆ ಇಳಿಯುವ ಪೌರಕಾರ್ಮಿಕರ ಬದುಕನ್ನು ತೆಗೆದರು. ಅಷ್ಟಕ್ಕೇ ನಿಲ್ಲದೆ ಪೌರಕಾರ್ಮಿಕರ, ಮೀನುಗಾರರ ಮಕ್ಕಳಿಗೆ ಕ್ಯಾಮೆರಾ ಹಿಡಿಯಲು ಕಲಿಸಲು ಹೊರಟರು. ಅದೇ ತರಹದ ಬದುಕಿನಿಂದ ಬಂದವರು ಕಲಿಸುವಾಗ ಮಕ್ಕಳು ಎಷ್ಟೋ ಮಾತನ್ನು ಬಿಡಿಸಿ ಹೇಳಬೇಕಾಗುವುದಿಲ್ಲ.

ಹೆಸರು ಹಾಕಬೇಕೋ ಬೇಡವೋ

ಫೋಟೋ ತೆಗೆಯುವುದರಿಂದ ಅಪಾಯವೂ ಇದೆ. ಸಣ್ಣದಲ್ಲ. ಗಂಡನ ಹೊಡೆತ ತಾಳಲಾರದೆ ಓಡಿಬಂದ ಹೆಂಗಸು ತಾನಿರುವ ಕೋಣೆಯ ಕಿಟಕಿಯನ್ನು ತೆಗೆಯುತ್ತಾಳೆ ಎಂದುಕೊಳ್ಳಿ. ಆ ಕಿಟಕಿಯಾಚೆ ಒಂದು ಬೋರ್ಡು ಕಂಡರೆ ಸಾಕು, ಹುಡುಕುವವನಿಗೆ ದಾರಿ ಸಿಕ್ಕಿತು. ಬೋರ್ಡು ಇಲ್ಲದಿದ್ದರೂ, ಫೋನಿನಲ್ಲಿ ಲೊಕೇಶನ್ ಆನ್ ಇದ್ದರೆ ಫೋಟೋ ಫೈಲಿನೊಳಗೇ ಅಕ್ಷಾಂಶ ರೇಖಾಂಶ ಕೂತಿರುತ್ತದೆ. ಇದನ್ನು ಆಫ್ ಮಾಡುವುದು ಹೇಗೆ, ಹಳೆಯ ಫೋಟೋದಿಂದ ಅಳಿಸುವುದು ಹೇಗೆ ಎಂದು ಮೊದಲ ತರಗತಿಯಲ್ಲೇ ಕಲಿಸಬೇಕು. ಬೆಳಕಿನ ಪಾಠಕ್ಕಿಂತ ಮೊದಲು. ಎದುರಿನವರ ಮುಖ ತೆಗೆಯುವ ಮುಂಚೆ ಕೇಳುವುದನ್ನೂ ಆಗಲೇ ಹೇಳಿಕೊಡಬೇಕು.

ಒಪ್ಪಿಗೆಯ ಕಾಗದಕ್ಕೆ ಸಹಿ ಹಾಕಿಸಿಕೊಂಡರೆ ಮುಗಿಯಿತು ಎನ್ನುವವರಿದ್ದಾರೆ. ಊಟ, ವಸತಿ, ಔಷಧ ಕೊಡುವ ಸಂಸ್ಥೆಯವರೇ ಬಂದು ಸಹಿ ಹಾಕು ಎಂದರೆ ಯಾರು ಒಲ್ಲೆ ಎನ್ನುತ್ತಾರೆ? ತೆಗೆಯಲು ಒಪ್ಪಿದ್ದು ಬೇರೆ, ತೋರಿಸಲು ಒಪ್ಪುವುದು ಬೇರೆ. ಇಂಟರ್ನೆಟ್ಟಿಗೆ ಹಾಕುವುದು ಇನ್ನೂ ಬೇರೆ. ಮೂರಕ್ಕೂ ಬೇರೆ ಬೇರೆ ದಿನ, ಬೇರೆ ಬೇರೆಯಾಗಿ ಕೇಳಬೇಕು. ಆರು ತಿಂಗಳಾದ ಮೇಲೆ ಬೇಡ ಎಂದರೆ ಗೋಡೆಯಿಂದ ಇಳಿಸಬೇಕು.

ಕೋಲ್ಕತ್ತಾದ ಕೆಂಪು ದೀಪದ ಪ್ರದೇಶ ಸೋನಾಗಾಛಿಯ ಮಕ್ಕಳಿಗೆ ಫೋಟೋಗ್ರಫಿ ಕಲಿಸಿದ ಕತೆ ಹೇಳುವ 'ಬಾರ್ನ್ ಇನ್‌ಟು ಬ್ರಾತೆಲ್ಸ್' ಸಾಕ್ಷ್ಯಚಿತ್ರಕ್ಕೆ 2005ರಲ್ಲಿ ಆಸ್ಕರ್ ಬಂತು. ಮಕ್ಕಳ ಫೋಟೋಗಳು ಮಾರಾಟವಾಗಿ ಅವರ ಓದಿಗೆ ಹಣ ಬಂತು. ಆ ಫೋಟೋಗಳಲ್ಲಿ ಕೆಲವು ನಿಜಕ್ಕೂ ಅದ್ಭುತ. ಆದರೆ ಟೀಕೆಯೂ ಬಂತು. ಮಕ್ಕಳ ಮುಖ, ತಾಯಂದಿರ ಕೆಲಸ ಎರಡೂ ಜಗತ್ತಿಗೆಲ್ಲ ಗೊತ್ತಾಯಿತು. ಅಲ್ಲಿಯ ಲೈಂಗಿಕ ಕಾರ್ಮಿಕರು ತಾವೇ ಕಟ್ಟಿಕೊಂಡ ದುರ್ಬಾರ್ ಸಂಘಟನೆ ಚಿತ್ರದಲ್ಲಿ ಕಾಣಲೇ ಇಲ್ಲ. ಮಕ್ಕಳನ್ನು ಕಾಪಾಡಲು ಹೊರಗಿನಿಂದ ಯಾರೋ ಬರಬೇಕಿತ್ತು ಎನ್ನುವ ಹಾಗೆ ಕತೆ ಬಂತು ಎಂದರು. ನನಗೂ ಆ ಟೀಕೆ ಸರಿ ಅನಿಸುತ್ತದೆ. ಮಕ್ಕಳ ಫೋಟೋ ಮಕ್ಕಳದ್ದೇ, ಆದರೆ ಅವುಗಳನ್ನು ಜೋಡಿಸಿ ಹೇಳಿದ ಕತೆ ಬೇರೆಯವರದ್ದಾಯಿತು.

ಹಾಗಾದರೆ ಹೆಸರು ಹಾಕುವುದೇ ಬೇಡವೇ? ಇದಕ್ಕೆ ಒಂದೇ ಉತ್ತರ ಇಲ್ಲ. ಬಹುತೇಕ ದೇಶಗಳ ಕಾನೂನಿನಲ್ಲಿ ಸಾಮಾನ್ಯವಾಗಿ ಫೋಟೋ ತೆಗೆದವರೇ ಅದರ ಮೊದಲ ಒಡೆಯರು. ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ 13ನೇ ವಿಧಿ, ತನಗೆ ಇಷ್ಟವಾದ ಯಾವ ಮಾಧ್ಯಮದಲ್ಲಾದರೂ ಹೇಳಿಕೊಳ್ಳುವ ಹಕ್ಕನ್ನು ಮಗುವಿಗೆ ಕೊಟ್ಟಿದೆ. ಅಪಾಯ ಇದ್ದಲ್ಲಿ ಹೆಸರು ಮುಚ್ಚಿಡಬೇಕು. ಆದರೆ 'ಶಿಬಿರದ ಒಬ್ಬ ಬಾಲಕಿ ತೆಗೆದ ಚಿತ್ರ' ಎಂದು ಎಲ್ಲ ಕಡೆ ಸುಮ್ನೆ ಬರೆದುಬಿಡುವುದು ಎಷ್ಟೋ ಸಲ ಅಭ್ಯಾಸದಿಂದ, ಕಾಳಜಿಯಿಂದಲ್ಲ. ತನ್ನ ಹೆಸರು ಗೋಡೆಯ ಮೇಲೆ ಕಾಣಬೇಕು ಎಂದು ಆಸೆಪಡುವ ಮಗುವಿಗೆ ನಿನ್ನ ಒಳ್ಳೆಯದಕ್ಕೇ ಬೇಡ ಎನ್ನುವ ಮೊದಲು ಕೂತು ಮಾತಾಡಬೇಕು. ಬೇಕಿದ್ದರೆ ತನಗೆ ತಾನೇ ಇನ್ನೊಂದು ಹೆಸರು ಇಟ್ಟುಕೊಳ್ಳಲಿ. ಮೊಳೆಯ ಫೋಟೋ ತೆಗೆದ ಮಗುವಿನ ಹೆಸರು ಬೋಲ್ ಬರಹದಲ್ಲಿ ಇಲ್ಲ. ಐವತ್ತು ವರ್ಷದಿಂದ ನಾವೆಲ್ಲ ಹೇಳಿಕೊಂಡು ಬಂದಿರುವುದು ದೊಡ್ಡವರೊಬ್ಬರು ಹೇಳಿದ ಮಗುವಿನ ಕತೆ.

2010ರಲ್ಲಿ ಇಬ್ಬರು ಸಂಶೋಧಕರು ಫೋಟೋವಾಯ್ಸ್ ಬಗೆಗಿನ 37 ಲೇಖನಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಹೆಸರಿಗೆ ಎಲ್ಲವೂ ಜನರ ಪಾಲ್ಗೊಳ್ಳುವಿಕೆಯ ಯೋಜನೆಗಳೇ. ಆದರೆ ಎಷ್ಟು ಪಾಲ್ಗೊಂಡರು ಅನ್ನುವುದರಲ್ಲಿ ಅಜಗಜಾಂತರ. ಜನರ ಕೈ ಹೆಚ್ಚಾಗಿದ್ದ ಕಡೆ ತರಬೇತಿ ಗಟ್ಟಿಯಾಗಿತ್ತು, ಸಂಬಂಧ ಹಳೆಯದಿತ್ತು, ಮಾತುಕತೆ ಮತ್ತೆ ಮತ್ತೆ ನಡೆದಿತ್ತು. ಮೂರು ದಿನದ ಕಾರ್ಯಾಗಾರದಲ್ಲಿ ಇದು ಆಗುವ ಮಾತಲ್ಲ. ಹಣ ಕೊಡುವವರಿಗೆ ಇದು ಇಷ್ಟವಾಗುವುದಿಲ್ಲ, ಗೊತ್ತು. ಅವರಿಗೆ ವರ್ಷದ ಕೊನೆಗೆ ಪ್ರದರ್ಶನ ಬೇಕು, ವರದಿಗೆ ಮುಖಪುಟ ಬೇಕು.

ಹಾಗಾಗಿ ಯಾವುದಾದರೂ ಇಂಥ ಪ್ರದರ್ಶನಕ್ಕೆ ಹೋದರೆ ನಾನು ಮೂರು ವಿಷಯ ಕೇಳುತ್ತೇನೆ. ಗೋಡೆಗೆ ಬಾರದ ಫೋಟೋಗಳನ್ನು ಯಾರು ಬದಿಗಿಟ್ಟರು? ಯೋಜನೆ ಮುಗಿದ ಮೇಲೆ ಕ್ಯಾಮೆರಾ ಅವರ ಬಳಿಯೇ ಉಳಿಯಿತೋ, ವಾಪಸ್ ಪಡೆದು ಮುಂದಿನ ಊರಿಗೆ ಕಳಿಸಿದರೋ? ಎಲ್ಲ ಫೋಟೋ ಇರುವ ಹಾರ್ಡ್ ಡಿಸ್ಕ್ ಯಾರ ಬೀರುವಿನಲ್ಲಿದೆ? ಮೂರನೆಯದಕ್ಕೆ ಬರುವ ಉತ್ತರ ಸಾಮಾನ್ಯವಾಗಿ ಒಂದೇ, ಸಂಸ್ಥೆಯ ಕಚೇರಿಯಲ್ಲಿದೆ. ತೆಗೆದವರ ಮನೆಯಲ್ಲಿ ಒಂದು ಪ್ರಿಂಟೂ ಇರುವುದಿಲ್ಲ.